ನಾಡಿ ಎಣಿಸುವುದಾದರೆ ಕಾಫಿಗೆ ಮುಂಚೆ

ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ಹಾಕಿ, ಫಿಲ್ಟರ್ ಕಾಫಿ ಕುಡಿದು ನಾಡಿ ನೋಡಿದರೆ ಸಿಗುವುದು ವಿಶ್ರಾಂತಿಯ ಬಡಿತವಲ್ಲ. ಬೆಳಗ್ಗೆ ಎಚ್ಚರವಾದಾಗ, ಹಾಸಿಗೆ ಬಿಡುವ ಮೊದಲೇ ಎಣಿಸಿ. ಅಲಾರಂಗೆ ಬೆಚ್ಚಿ ಎದ್ದಿದ್ದರೆ ಐದು ನಿಮಿಷ ಸುಮ್ಮನೆ ಮಲಗಿರಿ. ತೋರುಬೆರಳು, ನಡುಬೆರಳನ್ನು ಇನ್ನೊಂದು ಕೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಹಗುರವಾಗಿ ಇಡಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರದೇ ಮಿಡಿತ ಲೆಕ್ಕ ಕೆಡಿಸುತ್ತದೆ. 30 ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡಿ. ತಾಳ ತಪ್ಪುತ್ತಿದ್ದರೆ ಪೂರ್ತಿ 60 ಸೆಕೆಂಡ್.

ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಸಾಮಾನ್ಯ ಅನ್ನುತ್ತಾರೆ. ಆದರೂ ಸದಾ 85–90ರಲ್ಲೇ ಇದ್ದರೆ ಒಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳುವುದು ಒಳ್ಳೆಯದು. ಒಂದು ದಿನದ ಅಂಕಿಗೆ ಗಾಬರಿ ಬೇಡ, ವಾರದ ಸರಾಸರಿ ಬರೆದಿಡಿ. ನಿದ್ದೆಗೇಡು, ಜ್ವರ, ಹಿಂದಿನ ರಾತ್ರಿಯ ಮದ್ಯ, ನೀರು ಕಡಿಮೆಯಾದದ್ದು ಎಲ್ಲವೂ ಬಡಿತ ಏರಿಸುತ್ತವೆ. ನಿಮ್ಮ ಸರಾಸರಿಗಿಂತ 10 ಏರಿ ವಾರಗಟ್ಟಲೆ ಇಳಿಯದಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಬಿಪಿ, ಹೃದಯದ ತೊಂದರೆಗೆ ಮೆಟೊಪ್ರೊಲೋಲ್, ಅಟೆನೊಲೋಲ್ ಮಾತ್ರೆ ನುಂಗುವವರಿಗೆ ಬಡಿತ ಕಡಿಮೆಯೇ ಇರುತ್ತದೆ; ಅದನ್ನು ಫಿಟ್‌ನೆಸ್ ಅಂದುಕೊಳ್ಳಬೇಡಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಸುಮ್ಮನಿದ್ದಾಗಲೂ 100 ದಾಟುತ್ತಿದ್ದರೆ, ಅಥವಾ 50ಕ್ಕಿಂತ ಕೆಳಗಿಳಿದು ತಲೆಸುತ್ತು ಬಂದರೆ ಇಸಿಜಿ ಮಾಡಿಸಿ. ಎದೆನೋವೂ ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.