ಚಳಿಗಿಂತ ಮೊದಲು ಕತ್ತಲು: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಮನೆಗಳಿಗೆ

ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಬಂದಿಳಿದವರು ಮೊದಲು ಕೊಳ್ಳುವುದು ದಪ್ಪ ಜಾಕೆಟ್ಟು. ಕೊಳ್ಳಿ, ಬೇಕಾಗುತ್ತದೆ. ಆದರೆ ಅಕ್ಟೋಬರಿನಿಂದ ಜನವರಿಯವರೆಗೆ ಇಲ್ಲಿ ಮನೆಮಂದಿಯನ್ನು ಹಣ್ಣು ಮಾಡುವುದು ಚಳಿಗಿಂತ ಹೆಚ್ಚಾಗಿ ಕತ್ತಲು ಮತ್ತು ತೇವ. ಇವೆರಡರ ಜೊತೆಗೆ ಶಾಲೆಯಿಂದ ಬರುವ ಇಮೇಲುಗಳು. ಈ ಮೂರಕ್ಕೆ ಸಿದ್ಧವಾಗಿದ್ದರೆ ಕ್ರಿಸ್‌ಮಸ್ ತಾನಾಗಿಯೇ ಸಲೀಸಾಗಿ ಕಳೆಯುತ್ತದೆ.

ಅಕ್ಟೋಬರಿನ ಕೊನೆಯ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನು ತಾನೇ ಬದಲಾಗುತ್ತದೆ. ಓವನ್ನು, ಕಾರು ಮತ್ತು ಬಾಯ್ಲರ್ ಟೈಮರನ್ನು ಬಹುಮಟ್ಟಿಗೆ ನೀವೇ ಬದಲಾಯಿಸಬೇಕು. ಊರಿನೊಂದಿಗಿನ ಅಂತರ ನಾಲ್ಕೂವರೆಯಿಂದ ಐದೂವರೆ ಗಂಟೆಗೆ ಏರುವುದರಿಂದ, ಅಜ್ಜ ಅಜ್ಜಿಗೆ ಮಾಡುವ ವಿಡಿಯೊ ಕರೆಯ ಹೊತ್ತನ್ನೂ ಒಂದು ಗಂಟೆ ಮುಂಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರು ನಿದ್ದೆಗಣ್ಣಲ್ಲಿ ಮಾತಾಡುತ್ತಾರೆ. ಡಿಸೆಂಬರ್ ಮಧ್ಯಕ್ಕೆ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ಮೂರು ಐವತ್ತೆರಡರ ಸುಮಾರಿಗೆ, ಹುಟ್ಟುವುದು ಎಂಟಕ್ಕೆ. ಮಗು ಶಾಲೆ ಬಿಟ್ಟು ಮನೆ ಸೇರುವಷ್ಟರಲ್ಲಿ ಹೊರಗೆ ದೀಪ ಹತ್ತಿರುತ್ತದೆ. ಸ್ಕೂಲ್ ಬ್ಯಾಗಿಗೂ ಕೋಟಿನ ತೋಳಿಗೂ ಹೊಳೆಯುವ ಪಟ್ಟಿ ಅಂಟಿಸಿ. ಕಪ್ಪು ಕೋಟು ನೋಡಲು ಚೆಂದ, ಡ್ರೈವರನ ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ವಿಟಮಿನ್ ಡಿ ಬಗ್ಗೆ ಅಸಡ್ಡೆ ಬೇಡ. ಇಲ್ಲಿನ ಚಳಿಗಾಲದ ಬಿಸಿಲಿಗೆ ಚರ್ಮದಲ್ಲಿ ಅದನ್ನು ತಯಾರಿಸುವ ಶಕ್ತಿಯಿಲ್ಲ. ಶರತ್ಕಾಲ ಮತ್ತು ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು, ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ. ಸಸ್ಯಾಹಾರಿಗಳು ಕ್ಯಾಪ್ಸೂಲಿನ ಬದಲು ಮಾತ್ರೆ ಅಥವಾ ಸ್ಪ್ರೇ ನೋಡಿ, ಕ್ಯಾಪ್ಸೂಲಿನ ಹೊದಿಕೆ ಎಷ್ಟೋ ಸಲ ಪ್ರಾಣಿಮೂಲದ ಜೆಲಾಟಿನ್.

ಮನೆಯೊಳಗಿನ ತೇವ

ಹೊಸಬರ ಬಾಡಿಗೆ ಮನೆಗಳಲ್ಲಿ ನವೆಂಬರಿನ ಹೊತ್ತಿಗೆ ವಾರ್ಡ್‌ರೋಬಿನ ಹಿಂದೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಮನೆಯದೇ ದೋಷವಿರಬಹುದು, ಆದರೆ ಸಾಮಾನ್ಯವಾಗಿ ಕಾರಣ ನಾವೇ ಎಬ್ಬಿಸಿದ ಆವಿ. ಅನ್ನದ ಕುಕ್ಕರು, ಕುದಿಯುವ ಸಾರು, ಬಿಸಿನೀರಿನ ಸ್ನಾನ, ರೇಡಿಯೇಟರಿನ ಮೇಲೆ ಒಣಹಾಕಿದ ಬಟ್ಟೆ. ಒಂದು ಲೋಡ್ ಒದ್ದೆ ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರಿ, ಮನೆಯ ಅತಿ ತಣ್ಣನೆಯ ಜಾಗವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಆ ಜಾಗ ಹೊರಗೋಡೆಯ ಮೂಲೆ ಅಥವಾ ಕಿಟಕಿಯ ಗಾಜು. ಆದ್ದರಿಂದ ವಾರ್ಡ್‌ರೋಬನ್ನು ಹೊರಗೋಡೆಯಿಂದ ನಾಲ್ಕು ಬೆರಳಾದರೂ ದೂರ ಸರಿಸಿ. ಬೆಳಿಗ್ಗೆ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ತೆರೆಯಿರಿ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಆರುವುದಿಲ್ಲ. ಕಿಟಕಿಯ ಚೌಕಟ್ಟಿನ ಮೇಲ್ಭಾಗದಲ್ಲಿರುವ ಸಣ್ಣ ಸೀಳುಗಳನ್ನು ಚಳಿ ಎಂದು ಟೇಪು ಹಚ್ಚಿ ಮುಚ್ಚಬೇಡಿ, ಅವು ಇರುವುದೇ ಇದಕ್ಕೆ.

ಒಲೆಯ ಮೇಲಿನ ಫ್ಯಾನಿನಲ್ಲೂ ಒಂದು ಮೋಸವಿದೆ. ಕೆಲವು ಫ್ಯಾನುಗಳಿಗೆ ಹೊರಕ್ಕೆ ಕೊಳವೆಯೇ ಇರುವುದಿಲ್ಲ. ಇದ್ದಿಲಿನ ಫಿಲ್ಟರಿನಲ್ಲಿ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತವೆ, ಆವಿ ಒಳಗೇ ಉಳಿಯುತ್ತದೆ. ನಿಮ್ಮದು ಅಂಥದ್ದಾದರೆ ಕುಕ್ಕರ್ ಇಟ್ಟಾಗ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆರೆಯಿರಿ. ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗುವುದಕ್ಕೂ ಇದೇ ಮದ್ದು. ಕೂಗಿದರೆ ಅದರ ಮೇಲಿನ ಗುಂಡಿ ಒತ್ತಿ ಸುಮ್ಮನಾಗಿಸಿ, ಬ್ಯಾಟರಿ ಕಿತ್ತಿಡುವ ಕೆಲಸ ಬೇಡ. ಬಟ್ಟೆ ಒಣಗಿಸಲು ಡ್ರೈಯರ್ ಇಲ್ಲದಿದ್ದರೆ ಒಂದು ಚಿಕ್ಕ ಕೋಣೆಯಲ್ಲಿ ಸ್ಟ್ಯಾಂಡ್ ಇಟ್ಟು, ಬಾಗಿಲು ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಓಡಿಸಿ. ಈ ದೇಶದಲ್ಲಿ ಖರ್ಚು ಮಾಡಿ ಪಶ್ಚಾತ್ತಾಪಪಡದ ಯಂತ್ರ ಅದೊಂದು. ಬೂಷ್ಟು ಬಂದೇಬಿಟ್ಟರೆ ಒಣ ಬ್ರಷ್ಷಿನಿಂದ ಉಜ್ಜಬೇಡಿ, ಕಣಗಳು ಹಾರುತ್ತವೆ. ಬೂಷ್ಟಿನ ಸ್ಪ್ರೇ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ. ಬಾಡಿಗೆದಾರರು ಫೋಟೊ ತೆಗೆದು ಮಾಲೀಕರಿಗೆ ಬರಹದಲ್ಲೇ ತಿಳಿಸಬೇಕು, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ.

ಹೀಟಿಂಗನ್ನು ಅಕ್ಟೋಬರಿನ ಮೊದಲ ವಾರವೇ ಒಮ್ಮೆ ಹಚ್ಚಿ ನೋಡಿ. ಮೊದಲ ಚಳಿ ಬಿದ್ದ ದಿನ ಎಲ್ಲರ ಬಾಯ್ಲರೂ ಒಟ್ಟಿಗೆ ಕೈಕೊಡುತ್ತವೆ, ರಿಪೇರಿಯವರು ವಾರಗಟ್ಟಲೆ ಸಿಗುವುದಿಲ್ಲ. ಬಾಯ್ಲರ್ ತಣ್ಣಗಿರುವಾಗ ಅದರ ಒತ್ತಡದ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ರೇಡಿಯೇಟರಿನ ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಹೀಟಿಂಗ್ ಆರಿಸಿ, ತಣ್ಣಗಾಗಲು ಬಿಟ್ಟು, ಮೇಲಿನ ಮೂಲೆಯ ತಿರುಪಿಗೆ ರೇಡಿಯೇಟರ್ ಕೀ ಹಾಕಿ, ಕೆಳಗೆ ಬಟ್ಟೆ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಎಂದು ಗಾಳಿ ಹೋಗಿ ನೀರು ಜಿನುಗಿದ ಕೂಡಲೇ ಬಿಗಿಮಾಡಿ. ಆಮೇಲೆ ಮುಳ್ಳನ್ನು ಮತ್ತೆ ನೋಡಿ, ಗಾಳಿ ಬಿಟ್ಟ ಮೇಲೆ ಒತ್ತಡ ಇಳಿದಿರುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ ಅದು ಕೆಸರು, ಪ್ಲಂಬರನ್ನೇ ಕರೆಯಬೇಕು. ಬಾಡಿಗೆ ಮನೆಗೆ ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತಾ ತಪಾಸಣೆ ಮಾಡಿಸುವುದು, ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುವುದು ಮಾಲೀಕರ ಕಾನೂನುಬದ್ಧ ಹೊಣೆ. ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ.

ಇನ್ನು ಇಡ್ಲಿ ಹಿಟ್ಟು. ಅಕ್ಟೋಬರಿನಿಂದ ಅದು ಕಟ್ಟೆಯ ಮೇಲಿಟ್ಟರೆ ಹುಳಿ ಬರುವುದಿಲ್ಲ. ಒಂದು ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ, ಎರಡು ಲೋಟ ಇಡ್ಲಿ ರವೆ. ಬೇಳೆಯನ್ನು ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ನೆನೆಸಿ ಹಿಂಡಿದ ರವೆ ಸೇರಿಸಿ ಕೈಯಿಂದಲೇ ಕಲಸಿ, ಪಾತ್ರೆಯ ಅರ್ಧದಷ್ಟು ಮಾತ್ರ ತುಂಬಿಸಿ. ಓವನ್ ಆರಿಸಿಯೇ ಇರಲಿ, ಅದರ ದೀಪ ಮಾತ್ರ ಹಚ್ಚಿ, ಒಳಗಿಟ್ಟು 12ರಿಂದ 16 ಗಂಟೆ ಬಿಡಿ. ಕೆಡುವುದು ಎರಡು ಕಡೆ. ಹೊಸ ಓವನ್ನುಗಳ ಎಲ್‌ಇಡಿ ದೀಪಕ್ಕೆ ಶಾಖವೇ ಇಲ್ಲ. ಅಂಥಲ್ಲಿ ಕೆಳಗಿನ ತಟ್ಟೆಯಲ್ಲಿ ಒಂದು ಪಾತ್ರೆ ಕುದಿನೀರಿಟ್ಟು, ಮಲಗುವ ಮುಂಚೆ ಒಮ್ಮೆ ಬದಲಾಯಿಸಿ. ಇನ್ನೊಂದು, ಬೆಳಿಗ್ಗೆ ಮನೆಯಲ್ಲಿ ಯಾರೋ ಒಳಗೆ ನೋಡದೆ ಪಿಜ್ಜಾಕ್ಕೆಂದು ಓವನ್ 200ಕ್ಕೆ ತಿರುಗಿಸುತ್ತಾರೆ. ಗುಂಡಿಯ ಮೇಲೆ ‘ಹಿಟ್ಟಿದೆ’ ಎಂದು ಚೀಟಿ ಅಂಟಿಸಿ.

ಶಾಲೆಯ ತಾರೀಖುಗಳು

ಸೆಪ್ಟೆಂಬರಿನ ಇಮೇಲುಗಳಲ್ಲಿ ಒಂದು ಫ್ಲೂ ಲಸಿಕೆಯ ಒಪ್ಪಿಗೆ ಪತ್ರ. ಮಕ್ಕಳಿಗೆ ಕೊಡುವ ಮೂಗಿನ ಸ್ಪ್ರೇಯಲ್ಲಿ ಹಂದಿಯ ಜೆಲಾಟಿನ್ ಇರುತ್ತದೆ. ಬೇಡವಾದರೆ ಜೆಲಾಟಿನ್ ಇಲ್ಲದ ಚುಚ್ಚುಮದ್ದು ಕೇಳಿ ಪಡೆಯಬಹುದು; ಅದನ್ನು ಆ ಪತ್ರದಲ್ಲೇ ಬರೆಯಿರಿ, ಲಸಿಕೆಯನ್ನೇ ತಪ್ಪಿಸಬೇಡಿ. ಎರಡು ಮೂರು ವರ್ಷದ ಮಕ್ಕಳಿಗೆ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಹಾಕುತ್ತಾರೆ. ವಾಂತಿ ಭೇದಿ ಶುರುವಾದ ಮಗುವನ್ನು, ಅದು ಪೂರ್ತಿ ನಿಂತು 48 ಗಂಟೆ ಆಗುವವರೆಗೆ ಶಾಲೆಗೆ ಕಳಿಸುವಂತಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಯಾರು ರಜೆ ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಿ.

ಮಗು ಆರನೇ ವರ್ಷದ ತರಗತಿಯಲ್ಲಿದ್ದರೆ ಸೆಕೆಂಡರಿ ಶಾಲೆಯ ಅರ್ಜಿಗೆ ಅಕ್ಟೋಬರ್ 31 ಕೊನೆ ದಿನ. ಅರ್ಜಿ ಹೋಗಬೇಕಾದ್ದು ಶಾಲೆಗಲ್ಲ, ನೀವು ವಾಸಿಸುವ ಪ್ರದೇಶದ ಕೌನ್ಸಿಲಿಗೆ, ಅಂದರೆ ಸ್ಥಳೀಯ ಆಡಳಿತಕ್ಕೆ. ತಡವಾದ ಅರ್ಜಿಯನ್ನು ಸಮಯಕ್ಕೆ ಬಂದ ಎಲ್ಲವೂ ಮುಗಿದ ಮೇಲೆ ನೋಡುತ್ತಾರೆ. ಒಳ್ಳೆಯ ಶಾಲೆ ಎದುರಿಗೇ ಇದ್ದರೂ ಸೀಟು ಇರುವುದಿಲ್ಲ.

ಕ್ರಿಸ್‌ಮಸ್‌ಗೆ ಊರಿಗೆ ಹೋಗುವವರು ಟಿಕೆಟ್ ಅಗ್ಗವೆಂದು ಒಂದು ವಾರ ಮೊದಲೇ ಹೊರಡುವ ಲೆಕ್ಕ ಹಾಕುತ್ತಾರೆ. ಅನುಮತಿಯಿಲ್ಲದೆ ಐದು ಶಾಲಾ ದಿನ ತಪ್ಪಿದರೆ ದಂಡ ಬೀಳುತ್ತದೆ. ತಲಾ ಒಬ್ಬ ಪೋಷಕರಿಗೆ, ತಲಾ ಒಂದು ಮಗುವಿಗೆ 160 ಪೌಂಡ್. 21 ದಿನದೊಳಗೆ ಕಟ್ಟಿದರೆ 80. ಅಂದರೆ ಅಪ್ಪ, ಅಮ್ಮ, ಎರಡು ಮಕ್ಕಳ ಮನೆಗೆ ಕಡಿಮೆಯೆಂದರೂ 320 ಪೌಂಡ್. ಟಿಕೆಟ್ಟಿನಲ್ಲಿ ಉಳಿಸಿದ್ದು ಇದಕ್ಕೇ ಹೋಗುತ್ತದೆ. ದೀಪಾವಳಿಯ ದಿನದ ರಜೆ ಹಾಗಲ್ಲ, ಧಾರ್ಮಿಕ ಆಚರಣೆ ಎಂದು ಮುಂಚಿತವಾಗಿ ಪತ್ರ ಬರೆದರೆ ಕೊಡುತ್ತಾರೆ.

ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಹಾಫ್ ಟರ್ಮ್ ರಜೆ. ಲಂಡನ್ನಿಗೆ ಹೋಗುವುದಾದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ದಡದ ಮೇಲೆ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ, ಮಕ್ಕಳಿಗೆ ತೋರಿಸಿ. ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮಗಳೂ ಈ ಆಸುಪಾಸಿನ ಶನಿವಾರಗಳಲ್ಲೇ. ಬಾಡಿಗೆ ಸಭಾಂಗಣಗಳು ಮಧ್ಯಾಹ್ನದವರೆಗೂ ಬೆಚ್ಚಗಾಗುವುದಿಲ್ಲ, ಸೀರೆಯೊಳಗೆ ಥರ್ಮಲ್ ಹಾಕಿಕೊಳ್ಳಿ. ಹೊರಗೆ ಶೂ, ಚಪ್ಪಲಿ ಚೀಲದಲ್ಲಿ: ಒದ್ದೆ ಎಲೆ ಬಿದ್ದ ಫುಟ್‌ಪಾತು ಪಾಚಿ ಕಟ್ಟಿದ ಬಾವಿಕಟ್ಟೆಯಷ್ಟೇ ಜಾರುತ್ತದೆ.

ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹ್ಯಾಲೋವೀನ್ ಅಕ್ಟೋಬರ್ 31ರ ಸಂಜೆ. ಬಾಗಿಲಲ್ಲಿ ಕೊರೆದ ಕುಂಬಳಕಾಯಿ ಅಥವಾ ಅಲಂಕಾರ ಇದ್ದರೆ ಬೆಲ್ ಮಾಡಬಹುದು, ಇಲ್ಲದ ಮನೆಗೆ ಹೋಗಬಾರದು. ನಿಮಗೆ ಬೇಡವಾದರೆ ಹೊರಗಿನ ದೀಪ ಆರಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಕೊರೆಯುವ ಕುಂಬಳಕಾಯಿ ಹುಳಿಗೆ ಲಾಯಕ್ಕಲ್ಲ, ಬರೀ ನೀರು. ಪಲ್ಯಕ್ಕೆ ಬಟರ್‌ನಟ್ ಸ್ಕ್ವಾಶ್ ತನ್ನಿ.

ಪಟಾಕಿಗೆ ಕಾನೂನು ಬಿಗಿ. ರಾತ್ರಿ ಹನ್ನೊಂದರ ನಂತರ ಹಚ್ಚುವಂತಿಲ್ಲ; ಹಿಂದೊಮ್ಮೆ ಪಾರ್ಲಿಮೆಂಟನ್ನೇ ಸ್ಫೋಟಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್‌ನ ನೆನಪಿನ ನವೆಂಬರ್ 5ರಂದು ಹನ್ನೆರಡರವರೆಗೆ, ದೀಪಾವಳಿಯ ರಾತ್ರಿ ಒಂದರವರೆಗೆ ಬಿಡುವು. ರಸ್ತೆಯಲ್ಲಿ ಹಚ್ಚುವುದು ಅಪರಾಧ. ಬರೀ ಸದ್ದಿನ ಲಕ್ಷ್ಮಿ ಪಟಾಕಿಯಂಥವು ಇಲ್ಲಿ 1997ರಿಂದ ನಿಷಿದ್ಧ, ಊರಿಂದ ಸೂಟ್‌ಕೇಸಿನಲ್ಲಿ ತರುವ ಯೋಚನೆಯೂ ಬೇಡ. ಪೊಟ್ಟಣದ ಮೇಲೆ ಎಫ್2 ಎಂದಿದ್ದರೆ ನೋಡುವವರು 8 ಮೀಟರ್ ದೂರ, ಎಫ್3 ಆದರೆ 25 ಮೀಟರ್. ಸಾಧಾರಣ ಹಿತ್ತಿಲಿಗೆ ಎಫ್3 ಹೊಂದುವುದೇ ಇಲ್ಲ. ಸುರುಸುರು ಬತ್ತಿಯನ್ನು ಕೈಗವಸು ಹಾಕಿ ಹಿಡಿಸಿ, ಐದು ವರ್ಷದೊಳಗಿನವರಿಗೆ ಕೊಡಬೇಡಿ, ಆರಿದ್ದನ್ನು ಬಕೆಟ್ ನೀರಿಗೆ ಹಾಕಿ.

ಡಿಸೆಂಬರ್

ಮೊದಲ ವಾರದಿಂದಲೇ ಶಾಲೆಯ ಚೀಟಿಗಳು ಮಳೆಯಂತೆ ಸುರಿಯುತ್ತವೆ. ಒಂದು ದಿನ ಕ್ರಿಸ್‌ಮಸ್ ಜಂಪರ್, ಇನ್ನೊಂದು ದಿನ ಪಾರ್ಟಿಯ ತಿಂಡಿ, ಮತ್ತೊಂದು ದಿನ ಯೇಸುವಿನ ಜನನದ ನಾಟಕ. ಮಗು ಕುರುಬನ ಪಾತ್ರ ಎಂದರೆ ಗಾಬರಿಯಾಗಿ ವೇಷ ಕೊಳ್ಳಬೇಡಿ. ಮಾಸಲು ಬಣ್ಣದ ಉದ್ದ ಅಂಗಿ, ತಲೆಗೆ ಚೌಕುಳಿ ಟವೆಲ್ಲು, ಕಟ್ಟಲು ದಾರ ಸಾಕು. ಈ ವಿಷಯದಲ್ಲಿ ನಮ್ಮ ಮನೆಗಳು ಮೊದಲೇ ಸಜ್ಜು. ತರಗತಿಯ ಮಕ್ಕಳೆಲ್ಲ ಕಾರ್ಡ್ ಹಂಚಿಕೊಳ್ಳುತ್ತಾರೆ. 30 ಕಾರ್ಡಿನ ಕಟ್ಟು ನವೆಂಬರಿನಲ್ಲೇ ತಂದು, ಚಿಕ್ಕ ಮಗುವಾದರೆ ದಿನಕ್ಕೆ ಐದರಂತೆ ಹೆಸರು ಬರೆಸಿ. ಟೀಚರಿನ ಉಡುಗೊರೆಗೆ ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸುತ್ತಾರೆ. ಇಷ್ಟವಿದ್ದಷ್ಟು ಕೊಡಿ, ಕಡ್ಡಾಯವಲ್ಲ.

ಸಸ್ಯಾಹಾರಿಗಳು ಎಚ್ಚರ ತಪ್ಪುವುದು ಆಫೀಸಿನ ಊಟದಲ್ಲಿ. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿದೆ. ಹುರಿದ ಆಲೂಗೆಡ್ಡೆಯನ್ನು ಬಾತಿನ ಅಥವಾ ದನದ ಕೊಬ್ಬಿನಲ್ಲಿ ಹುರಿದಿರಬಹುದು, ಸೊಪ್ಪು ತರಕಾರಿಯಲ್ಲಿ ಬೇಕನ್ ಚೂರು ಇರಬಹುದು. ಮಿನ್ಸ್ ಪೈ ಹೆಸರು ಕೇಳಿ ಹೆದರುವವರಿದ್ದಾರೆ. ಅದರಲ್ಲಿ ಮಾಂಸವಿಲ್ಲ, ಒಣದ್ರಾಕ್ಷಿ ಮಸಾಲೆ. ಆದರೆ ಸೂಯೆಟ್ ಎಂಬ ಕೊಬ್ಬು ಕೆಲವದರಲ್ಲಿ ದನದ್ದು. ಕ್ರಿಸ್‌ಮಸ್ ಪುಡ್ಡಿಂಗಿಗೂ ಇದೇ ಮಾತು, ಜೊತೆಗೆ ಬ್ರಾಂದಿ. ಮಾರ್ಷ್‌ಮ್ಯಾಲೊ, ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್. ಮೊಟ್ಟೆಯೂ ಬೇಡದವರು ಮೆನು ಕಳಿಸಿದಾಗಲೇ ವೀಗನ್ (ಹಾಲು, ಮೊಟ್ಟೆಯೂ ಇಲ್ಲದ್ದು) ಎಂದು ಬರೆದುಬಿಡಿ, ಒಂದು ಪದದಲ್ಲಿ ಎಲ್ಲ ಚರ್ಚೆ ಮುಗಿಯುತ್ತದೆ.

ನಿಜವಾದ ಕ್ರಿಸ್‌ಮಸ್ ಮರ ತರುವುದಾದರೆ ನಾರ್ಡ್‌ಮನ್ ಫರ್ ಕೇಳಿ, ಎಲೆ ಹೆಚ್ಚು ಉದುರಿಸುವುದಿಲ್ಲ. ಬುಡದಿಂದ ಎರಡು ಮೂರು ಸೆಂಟಿಮೀಟರ್ ಕೊಯ್ಯಿಸಿ, ಇಲ್ಲದಿದ್ದರೆ ಅಂಟು ಗಟ್ಟಿಯಾಗಿ ನೀರು ಹೀರುವುದಿಲ್ಲ. ನೀರಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ರೇಡಿಯೇಟರಿನಿಂದ ದೂರವಿಟ್ಟು, ದಿನಾ ನೀರು ಹಾಕಿ.

25ರಂದು ದೇಶವೇ ಬಾಗಿಲು ಹಾಕುತ್ತದೆ ಎಂಬುದು ಅತಿಶಯೋಕ್ತಿಯಲ್ಲ. ರೈಲು ಇಲ್ಲ, ಲಂಡನ್ನಿನಲ್ಲಿ ಟ್ಯೂಬೂ ಬಸ್ಸೂ ಇಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ತೆರೆಯುವುದನ್ನು 2004ರ ಕಾಯ್ದೆ ತಡೆಯುತ್ತದೆ. ಆದರೆ ವಿಮಾನಗಳು ಇಳಿಯುತ್ತವೆ. ಅತ್ತೆ ಮಾವ ಅಂದು ಬರುವಂತೆ ಅಗ್ಗದ ಟಿಕೆಟ್ ಮಾಡಿಸಿದರೆ ಕರೆತರಲು ಕಾರು ಬೇಕೇ ಬೇಕು. ಹಾಲು, ಮೊಸರು, ಕೊತ್ತಂಬರಿ 23ಕ್ಕೇ ತಂದಿಡಿ; ಬಿಪಿ, ಥೈರಾಯ್ಡ್ ಮಾತ್ರೆಗಳ ಚೀಟಿಯನ್ನು ತಿಂಗಳ ಮಧ್ಯದಲ್ಲೇ ಕೇಳಿ. ರಜೆಯಲ್ಲಿ ಜಿಪಿ ಮುಚ್ಚಿದ್ದಾಗ 111ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯವಿದ್ದರೆ 999.

ಬಹಳ ಕಂಪನಿಗಳು ಡಿಸೆಂಬರ್ ಸಂಬಳವನ್ನು ಕ್ರಿಸ್‌ಮಸ್‌ಗೆ ಮೊದಲೇ ಹಾಕುತ್ತವೆ. ಖುಷಿಯೇ, ಆದರೆ ಮುಂದಿನ ಸಂಬಳ ಜನವರಿ ಕೊನೆಗೆ, ನಡುವೆ ಐದಾರು ವಾರ. ಜನವರಿಯ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸ್ ಬಿಲ್ಲಿನ ಹಣವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಸರಿಸಿಬಿಡಿ.

ಮರವನ್ನು ಇಳಿಸುವುದು ಜನವರಿ 5 ಅಥವಾ 6ಕ್ಕೆ. ಎಲ್ಲಿ, ಯಾವ ದಿನ ಒಯ್ಯುತ್ತಾರೆಂದು ಕೌನ್ಸಿಲಿನ ವೆಬ್‌ಸೈಟಿನಲ್ಲಿ ಇರುತ್ತದೆ, ಕಸದ ಬದಲಾದ ದಿನಗಳೂ ಅಲ್ಲೇ. ಆಗಸ್ಟ್ 31ರೊಳಗೆ ನಾಲ್ಕು ತುಂಬುವ ಮಗುವಿದ್ದರೆ ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್‌ನ ಅರ್ಜಿಗೆ ಜನವರಿ 15 ಕಡೆಯ ದಿನ. ಅಷ್ಟರಲ್ಲಿ ಲಂಡನ್ನಿನ ಸಂಜೆ ಅರ್ಧ ಗಂಟೆಯಷ್ಟು ಉದ್ದವಾಗಿರುತ್ತದೆ. ಬೆಳಗು ಮಾತ್ರ ಡಿಸೆಂಬರಿನಲ್ಲಿದ್ದಂತೆ ಎಂಟಕ್ಕೇ, ಬ್ಯಾಗಿನ ಹೊಳೆಯುವ ಪಟ್ಟಿ ಇನ್ನೂ ಕೀಳಬೇಡಿ.