ಗೀಸರ್ ಕೆಡುವವರೆಗೂ ಕಾಯಬೇಡಿ

ನೀರು ಬಿಸಿಯಾಗುತ್ತಿದೆಯಲ್ಲ ಅಂತ ಗೀಸರ್ ಕಡೆ ತಿರುಗಿಯೂ ನೋಡದವರೇ ಜಾಸ್ತಿ. ದಯವಿಟ್ಟು ಹಾಗೆ ಬಿಡಬೇಡಿ.

ಮೊದಲು ಪ್ರೆಶರ್ ವಾಲ್ವ್ ನೋಡಿ. ಒಳಗೆ ಒತ್ತಡ ಮಿತಿ ಮೀರಿದಾಗ ನೀರನ್ನು ಹೊರಬಿಡುವುದು ಇದೇ. ಇದು ಕಟ್ಟಿಕೊಂಡರೆ ಟ್ಯಾಂಕೇ ಸಿಡಿಯಬಹುದು. 6 ತಿಂಗಳಿಗೊಮ್ಮೆ ಇದರ ಲಿವರ್ ಮೆಲ್ಲಗೆ ಎತ್ತಿ. ನೀರು ಬರಬೇಕು, ಬಿಟ್ಟಾಗ ನಿಲ್ಲಬೇಕು. ಬಿಸಿ ನೀರು ಬರಬಹುದು, ಮುಖ ದೂರ ಇರಲಿ. ತೊಟ್ಟಿಕ್ಕುತ್ತದೆ ಅಂತ ಕೆಲವರು ವಾಲ್ವಿನ ಬಾಯಿ ಮುಚ್ಚಿಸಿಬಿಡುತ್ತಾರೆ. ಇದನ್ನು ಯಾವತ್ತೂ ಮಾಡಬೇಡಿ. ಹಾಳಾಗಿದ್ದರೆ ಬದಲಾಯಿಸಿ.

ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿಯುತ್ತಿದೆಯಾ? ಒಳಗಿಂದ ಗುರ್ ಅಂತ ಸದ್ದು ಬರುತ್ತಿದೆಯಾ? ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಪದರ ಕಟ್ಟಿರಬಹುದು. ವರ್ಷಕ್ಕೊಮ್ಮೆ ಟ್ಯಾಂಕ್ ಬಸಿದು ತೊಳೆಸಿ. ಆಗಲೇ ಆನೋಡ್ ರಾಡ್ ಕೂಡ ತೆಗೆದು ನೋಡಲು ಹೇಳಿ. ಸಾಮಾನ್ಯವಾಗಿ ಮೆಗ್ನೀಸಿಯಂನ ಈ ಕಂಬಿ ತಾನು ಸವೆದು ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುತ್ತದೆ. ಪೂರ್ತಿ ಸವೆದ ಮೇಲೆ ತುಕ್ಕು ಟ್ಯಾಂಕನ್ನೇ ತಿನ್ನತೊಡಗುತ್ತದೆ. ಹೊಸ ಕಂಬಿಯ ಖರ್ಚು ಹೊಸ ಗೀಸರ್ ಮುಂದೆ ಏನೂ ಅಲ್ಲ.

ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ನಲ್ಲಿ ಮುಟ್ಟಿದಾಗ ಸ್ವಲ್ಪ ಜುಂ ಅಂದರೂ ಅದನ್ನು ಮತ್ತೆ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಸರಿಯಾಗುವವರೆಗೆ ಬಳಸಬೇಡಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳು, ವಯಸ್ಸಾದವರು ಇದ್ದರೆ ತಣ್ಣೀರು ಬೆರೆಸಿಯೇ ಕೊಡಿ.

ಗ್ಯಾಸ್ ಗೀಸರ್ ಇದ್ದವರು ಅದನ್ನು ಮುಚ್ಚಿದ ಬಚ್ಚಲಲ್ಲಿ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಜೀವ ಹೋಗುತ್ತದೆ. ಉರಿ ನೀಲಿ ಬಿಟ್ಟು ಹಳದಿಯಾಗಿ ಕಂಡರೆ ಅವತ್ತೇ ಮೆಕ್ಯಾನಿಕ್ ಕರೆಸಿ.