ಹೊಸದಾಗಿ ಯೂನಿವರ್ಸಿಟಿ ಸೇರ್ತಿರೋರಿಗೆ: ಇಲ್ಲಿ ಯಾರೂ ಕೇಳಲ್ಲ, ನೀವೇ ಕೇಳ್ಬೇಕು

ಸ್ಕೂಲಲ್ಲಿ ಹೋಮ್‌ವರ್ಕ್ ಮಾಡ್ದೆ ಹೋದ್ರೆ ಯಾಕೆ ಮಾಡಿಲ್ಲ ಅಂತ ಕೇಳೋರು ಒಬ್ರು ಇರ್ತಿದ್ರು, ನಾಲ್ಕು ದಿನ ಬರ್ದೆ ಇದ್ರೆ ಮನೆಗೆ ಫೋನ್ ಹೋಗ್ತಿತ್ತು. ಯೂನಿವರ್ಸಿಟೀಲಿ ಆ ಕಥೆ ಇಲ್ಲ. ನೀವು ಮೂರು ವಾರ ಕ್ಲಾಸಿಗೆ ಹೋಗ್ದೇ ಇದ್ರೂ ಎಷ್ಟೋ ಸಲ ಯಾರೂ ಏನೂ ಅನ್ನಲ್ಲ, ಸೆಮಿಸ್ಟರ್ ಕೊನೇಲಿ ಸುಮ್ನೆ ಒಂದು ಗ್ರೇಡ್ ಬರತ್ತೆ, ಅಷ್ಟೇ. ಮೊದ್ಲು ಇದು ಭಾರಿ ಸ್ವಾತಂತ್ರ್ಯ ಅನ್ಸತ್ತೆ. ನನಗೂ ಹಾಗೇ ಅನ್ಸಿತ್ತು, ಮಿಡ್‌ಟರ್ಮ್ ಪೇಪರ್ ಕೈಗೆ ಬರೋವರೆಗೂ.

ಮೊದಲ ವಾರ ಮಾಡ್ಬೇಕಾದ ಕೆಲಸ ಒಂದೇ: ಪ್ರತಿ ಕೋರ್ಸಿಂದೂ ಔಟ್‌ಲೈನ್ ಅಂತ ಒಂದು ಪಿಡಿಎಫ್ ಕೊಡ್ತಾರಲ್ಲ, ಕೆಲವು ಕಡೆ ಸಿಲಬಸ್ ಅಂತಾರೆ, ಅದನ್ನ ಮೊದಲ ಪುಟದಿಂದ ಕೊನೆ ಪುಟದವರೆಗೂ ಓದಿ. ಯಾರೂ ಓದಲ್ಲ, ನಾನೂ ಓದಿರ್ಲಿಲ್ಲ. ನನ್ನ ಮೊದಲ ಅಸೈನ್‌ಮೆಂಟನ್ನ ಎರಡು ದಿನ ತಡವಾಗಿ ಕೊಟ್ಟು, ಪರವಾಗಿಲ್ಲ ಬಿಡು ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ತಡವಾದ ಪ್ರತಿ ದಿನಕ್ಕೂ 10% ಕಟ್ ಅಂತ ಬರೆದಿತ್ತು. ಬರೆದಿದ್ದು ಚೆನ್ನಾಗೇ ಇತ್ತು, ಆದ್ರೂ 20% ಹೋಯ್ತು, ಕೇಳೋಕೆ ಬಾಯಿಲ್ಲ ಯಾಕಂದ್ರೆ ಮೊದಲ ದಿನವೇ ಹೇಳಿದ್ರು.

ಔಟ್‌ಲೈನಲ್ಲಿ ಹುಡುಕ್ಬೇಕಾಗಿರೋದು ಯಾವುದಕ್ಕೆ ಎಷ್ಟು ವೆಯ್ಟೇಜ್, ಯಾವತ್ತು ಕೊನೇ ದಿನ, ತಡವಾದ್ರೆ ಏನು, ಅಟೆಂಡೆನ್ಸ್ ಲೆಕ್ಕಕ್ಕಿದೆಯಾ, ಎಐ ಟೂಲ್ ಬಳಸ್ಬಹುದಾ. ಎಲ್ಲಾ ಕೋರ್ಸುಗಳ ತಾರೀಖುಗಳನ್ನ ಒಂದೇ ಕ್ಯಾಲೆಂಡರ್‌ಗೆ ಹಾಕಿ ನೋಡಿ, ಒಂದೆರಡು ವಾರ ಮಾತ್ರ ಮೂರ್ನಾಲ್ಕು ಡೆಡ್‌ಲೈನ್ ಒಟ್ಟಿಗೆ ಬಂದು ಕೂತಿರತ್ತೆ. ಆ ವಾರ ಯಾವುದು ಅಂತ ಮೊದಲ ವಾರದಲ್ಲೇ ಗೊತ್ತಿದ್ರೆ ಅರ್ಧ ಗೆದ್ದಂಗೆ. ಮಾರ್ಕ್ಸ್ ಲೆಕ್ಕಾನೂ ನೀವೇ ಇಟ್ಕೊಳ್ಳಿ: ಇಂಟರ್ನಲ್ಸ್ 50ಕ್ಕೆ 38 ಬಂದಿದೆ, ಒಟ್ಟು 75 ಬೇಕು ಅಂದ್ರೆ ಫೈನಲಲ್ಲಿ 50ಕ್ಕೆ 37 ತೆಗೀಬೇಕು. ಇಷ್ಟು ಗೊತ್ತಿದ್ರೆ ಯಾವ ಸಬ್ಜೆಕ್ಟಿಗೆ ರಾತ್ರಿ ಕೂರ್ಬೇಕು, ಯಾವುದಕ್ಕೆ ಬೇಡ ಅನ್ನೋದು ತಾನಾಗೇ ತಿಳಿಯತ್ತೆ.

ಪ್ರತಿ ಕೋರ್ಸಿನ ಮುಂದೆ ಬರೆದಿರೋ ಕ್ರೆಡಿಟ್ ಅಂದ್ರೆ ಬರೀ ಸಂಖ್ಯೆ ಅಲ್ಲ, ನಿಮ್ಮ ಗಂಟೆಗಳ ಲೆಕ್ಕ. ಯೂರೋಪಿನ ಇಸಿಟಿಎಸ್ ಅನ್ನೋ ಕ್ರೆಡಿಟ್ ಪದ್ಧತೀಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದು ಕ್ರೆಡಿಟ್‌ಗೂ 25ರಿಂದ 30 ಗಂಟೆ ಕೆಲಸ. ಅಮೆರಿಕದಲ್ಲಿ ರೂಢಿ ಲೆಕ್ಕ ಏನಂದ್ರೆ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಕ್ಲಾಸು, ಹೊರಗೆ ಎರಡು ಗಂಟೆ ಓದು. ಅಂದ್ರೆ 3 ಕ್ರೆಡಿಟ್ಟಿನ ಐದು ಕೋರ್ಸ್ ತಗೊಂಡ್ರೆ ವಾರಕ್ಕೆ 45 ಗಂಟೆ! ಟೈಮ್‌ಟೇಬಲ್ಲಲ್ಲಿ ಕಾಣೋದು 15 ಗಂಟೆ ಮಾತ್ರ, ಉಳಿದ 30 ಎಲ್ಲೂ ಬರೆದಿರಲ್ಲ, ಖಾಲಿ ಇದೆ ಅಂತ ಅನ್ಸೋ ಮಧ್ಯಾಹ್ನಗಳೆಲ್ಲಾ ನಿಜವಾಗ್ಲೂ ಖಾಲಿ ಇರಲ್ಲ. ಪಾರ್ಟ್‌ಟೈಮ್ ಕೆಲಸ ಹಿಡಿಯೋರು ಈ ಲೆಕ್ಕ ಹಾಕಿ ಆಮೇಲೆ ಹೂಂ ಅನ್ನಿ.

ಜಿಪಿಎ, ಅಂದ್ರೆ ಎಲ್ಲಾ ಕೋರ್ಸುಗಳ ಗ್ರೇಡ್ ಪಾಯಿಂಟುಗಳ ಸರಾಸರಿ, ಅದ್ರಲ್ಲೂ ಕ್ರೆಡಿಟ್ಟೇ ಆಟ ಆಡೋದು. 4 ಕ್ರೆಡಿಟ್ ಪೇಪರಲ್ಲಿ 8 ಪಾಯಿಂಟ್, 1 ಕ್ರೆಡಿಟ್ ಲ್ಯಾಬಲ್ಲಿ 10 ಬಂದ್ರೆ ಸರಾಸರಿ 9 ಅಲ್ಲ, 8.4. ಸಣ್ಣ ಲ್ಯಾಬಿನ ರೆಕಾರ್ಡನ್ನ ಬಣ್ಣ ಬಣ್ಣದ ಪೆನ್ನಲ್ಲಿ ಸಿಂಗಾರ ಮಾಡ್ಕೊಂಡು ಕೂತು ದೊಡ್ಡ ಪೇಪರ್ ಬಿಟ್ಟೋರನ್ನ ತುಂಬಾ ನೋಡಿದೀನಿ. ಹಾಗೇ, ಕೋರ್ಸ್ ಬದಲಾಯಿಸೋಕೆ, ಬಿಡೋಕೆ ಒಂದು ಕೊನೇ ತಾರೀಖು ಇರತ್ತೆ, ಅದಾದ್ಮೇಲೆ ಬಿಟ್ರೆ ಸಾಮಾನ್ಯವಾಗಿ ಮಾರ್ಕ್ಸ್‌ಕಾರ್ಡಲ್ಲಿ ಗುರುತು ಉಳಿಯತ್ತೆ. ಆ ತಾರೀಖನ್ನ ಫೋನಲ್ಲಿ ಹಾಕ್ಕೊಳ್ಳಿ.

ಈಗ ಓದೋ ವಿಷ್ಯ. ನೋಟ್ಸನ್ನ ಮತ್ತೆ ಮತ್ತೆ ಓದೋದು, ಹೈಲೈಟರ್ ಎಳೆಯೋದು, ಇವೆರಡೂ ಓದಿದಂಗೆ ಅನ್ಸತ್ತೆ ಹೊರತು ತಲೇಲಿ ಅಷ್ಟು ದಿನ ನಿಲ್ಲಲ್ಲ. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನ ಪರೀಕ್ಷೆ ಮಾಡಿದ್ರು. ಒಂದು ಗುಂಪು ಪಾಠವನ್ನ ಮತ್ತೆ ಓದ್ತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಾದಷ್ಟು ಬರೀತು. ಐದು ನಿಮಿಷ ಆದ್ಮೇಲೆ ಕೇಳಿದ್ರೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಆದ್ಮೇಲೆ ಕೇಳಿದ್ರೆ ಬರೆದವರು ಮುಂದೆ. ಪರೀಕ್ಷೆ ಹಿಂದಿನ ರಾತ್ರಿ ಉರು ಹೊಡೆದೋರಿಗೆ ಬೆಳಿಗ್ಗೆ ಬಾಗಿಲವರೆಗೂ ಎಲ್ಲಾ ಬರತ್ತೆ ಅನ್ಸಿ, ಪೇಪರ್ ನೋಡಿದ ತಕ್ಷಣ ಬ್ಲ್ಯಾಂಕ್ ಆಗೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ನಾನು ಮಾಡೋದು ಹೀಗೆ. ಪುಟದ ಎಡಗಡೆ ಮೂರನೇ ಒಂದು ಭಾಗ ಗೆರೆ ಎಳೆದು ಖಾಲಿ ಬಿಡ್ತೀನಿ, ಬಲಗಡೆ ಕ್ಲಾಸಲ್ಲಿ ಹೇಳಿದ್ದು ಬರೀತೀನಿ, ಸಂಜೆ ಎಡಗಡೆ ಪ್ರಶ್ನೆ ಬರೀತೀನಿ: ಇದು ಯಾಕೆ ಹೀಗೆ, ಈ ಸೂತ್ರ ಎಲ್ಲಿಂದ ಬಂತು. ಒಂದೆರಡು ದಿನ ಬಿಟ್ಟು ಬಲಗಡೆ ಒಂದು ಹಾಳೆ ಮುಚ್ಚಿ ಎಡಗಡೆ ಪ್ರಶ್ನೆಗೆ ಉತ್ತರ ಹೇಳೋದು. ಇದು ಹೊಸದೇನಲ್ಲ, ಕಾರ್ನೆಲ್ ಯೂನಿವರ್ಸಿಟೀಲಿ ವಾಲ್ಟರ್ ಪಾಕ್ ಅನ್ನೋ ಮೇಷ್ಟ್ರು ರೂಪಿಸಿದ ಪದ್ಧತಿ, ಕಾರ್ನೆಲ್ ನೋಟ್ಸ್ ಅಂತಲೇ ಹೆಸರು. ಉತ್ತರ ಬರದೇ ಇರೋ ಪ್ರಶ್ನೆಗಳಿಗೆ ಚುಕ್ಕಿ ಇಡಿ. ಆ ಚುಕ್ಕಿಗಳೇ ಮುಂದಿನ ಕೆಲಸಕ್ಕೆ ಬಂಡವಾಳ.

ಮುಂದಿನ ಕೆಲಸ ಅಂದ್ರೆ ಮೇಷ್ಟ್ರ ರೂಮಿಗೆ ಹೋಗೋದು. ಆಫೀಸ್ ಅವರ್ಸ್ ಅಂತ ಬೋರ್ಡ್ ಹಾಕಿರ್ತಾರಲ್ಲ, ಅದು ಅವರು ಆಫೀಸಲ್ಲಿ ಅವರ ಕೆಲಸ ಮಾಡೋ ಟೈಮು, ಡಿಸ್ಟರ್ಬ್ ಮಾಡ್ಬಾರ್ದು ಅಂತ ನಾನು ಒಂದು ಪೂರ್ತಿ ಸೆಮಿಸ್ಟರ್ ಅಂದ್ಕೊಂಡಿದ್ದೆ, ನಗ್ಬೇಡಿ. ಅದು ನಮಗೋಸ್ಕರ ಇಟ್ಟಿರೋ ಟೈಮು. ಮೊದಲ ಸಲ ಹೋದಾಗ ಅರ್ಧ ತೆರೆದ ಬಾಗಿಲ ಮುಂದೆ ನೋಟಿಸ್ ಬೋರ್ಡ್ ಓದೋ ನಾಟಕ ಮಾಡ್ಕೊಂಡು ಹತ್ತು ನಿಮಿಷ ನಿಂತಿದ್ದೆ, ಒಳಗಿಂದ ಅವರೇ "ಬರೋದಿದ್ರೆ ಬನ್ನಿ, ಆ ನೋಟಿಸು ಹೋದ ವರ್ಷದ್ದು" ಅಂದ್ರು. ಒಳಗೆ ಹೋಗಿ ಏನೂ ಅರ್ಥ ಆಗ್ತಿಲ್ಲ ಸರ್ ಅಂದೆ. ಅವರು ಏನೂ ಅನ್ಲಿಲ್ಲ, ನೋಟ್‌ಬುಕ್ ಈಚೆ ಕೊಡಿ ಅಂತ ತಗೊಂಡು, ಪೆನ್ಸಿಲ್ಲಲ್ಲಿ ಒಂದೊಂದೇ ಸಾಲು ತೋರಿಸ್ತಾ ಇದು ಗೊತ್ತಾ, ಇದು ಗೊತ್ತಾ ಅಂತ ಕೇಳ್ತಾ ಬಂದ್ರು. ಏಳನೇ ಸಾಲಿಗೆ ನಾನು ತಡವರಿಸ್ದೆ. "ಹಾಗಾದ್ರೆ ನಿಮಗೆ ಆರು ಸಾಲು ಅರ್ಥ ಆಗಿದೆ, ಒಂದು ಆಗಿಲ್ಲ" ಅಂದ್ರು. ಅವತ್ತಿಂದ ನಾನು ಏನೂ ಅರ್ಥ ಆಗ್ಲಿಲ್ಲ ಅಂತ ಯಾರ ಹತ್ರಾನೂ ಹೇಳಿಲ್ಲ, ಎಲ್ಲಿವರೆಗೂ ಆಯ್ತು ಅಂತ ನೋಡ್ಕೊಂಡು ಅಲ್ಲಿಂದ ಮುಂದಕ್ಕೆ ಕೇಳ್ತೀನಿ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತಾರಲ್ಲ, ಕ್ಯಾಂಪಸಲ್ಲಿ ಆ ಗಾದೆ ಅಕ್ಷರಶಃ ನಿಜ.

ಮೇಲ್ ಬರೆಯೋದಾದ್ರೂ ಇದೇ ಥರ. ಸಬ್ಜೆಕ್ಟ್ ಲೈನಲ್ಲಿ ಕೋರ್ಸ್ ಕೋಡು ಮತ್ತೆ ವಿಷ್ಯ, ಒಳಗೆ ನಿಮ್ಮ ಹೆಸರು, ಸೆಕ್ಷನ್, ಏನು ಟ್ರೈ ಮಾಡಿದ್ರಿ, ಎಲ್ಲಿ ನಿಂತ್ರಿ, ಏನು ಬೇಕು. ಐದಾರು ಸಾಲು ಸಾಕು. ಔಟ್‌ಲೈನಲ್ಲೇ ಉತ್ತರ ಇರೋದನ್ನ ಮೇಲಲ್ಲಿ ಕೇಳ್ಬೇಡಿ. ಹುಷಾರಿಲ್ದೇ ಎಕ್ಸ್‌ಟೆನ್ಷನ್ ಬೇಕಾದ್ರೆ ಡೆಡ್‌ಲೈನಿಗೆ ಮುಂಚೆ ಕೇಳಿ, ಮುಂಚೆ ಕೇಳಿದ್ರೆ ಅದು ವಿನಂತಿ, ಮುಗಿದ್ಮೇಲೆ ಕೇಳಿದ್ರೆ ನೆಪ.

ಕಾಪಿ ವಿಷ್ಯದಲ್ಲಿ ಹೆಚ್ಚಿನವರು ಬೇಕಂತ ಸಿಕ್ಕಿಹಾಕ್ಕೊಳ್ಳಲ್ಲ, ಗೊತ್ತಿಲ್ದೇ ಸಿಕ್ಕಿಹಾಕ್ಕೊಳ್ತಾರೆ. ಬೇರೆಯವರ ಪ್ಯಾರಾ ತಗೊಂಡು ನಾಲ್ಕು ಪದ ಬದಲಾಯಿಸಿದ್ರೆ ಅದು ನಿಮ್ಮದಾಗಲ್ಲ, ಪದ ಪೂರ್ತಿ ನಿಮ್ಮದೇ ಆದ್ರೂ ವಿಚಾರ ಅವರದ್ದಾದ್ರೆ ಮೂಲ ಹೇಳಲೇಬೇಕು. ಟರ್ನಿಟಿನ್ ಥರದ ಕಾಪಿ ಹುಡುಕೋ ಸಾಫ್ಟ್‌ವೇರ್ ತೋರಿಸೋ ಪರ್ಸೆಂಟೇಜು ಬರೀ ಹೋಲಿಕೆ, ಉದ್ಧರಣೆ ಮತ್ತೆ ರೆಫರೆನ್ಸ್ ಪಟ್ಟಿ ಕೂಡ ಅದ್ರಲ್ಲಿ ಸೇರ್ಕೋಬಹುದು, ಅದಕ್ಕೇ ಸಂಖ್ಯೆ ನೋಡಿ ಗಾಬರಿ ಬೇಡ, ಹೋಲಿಕೆ ಇರೋ ಸಾಲುಗಳಿಗೆ ಬಣ್ಣ ಹಾಕಿರತ್ತೆ, ಅದು ಎಲ್ಲಿ ಬಂದಿದೆ ನೋಡಿ. ರೆಫರೆನ್ಸ್ ಜೋಡಿಸೋಕೆ ಜೊಟೆರೊ ಅಂತ ಫ್ರೀ ಸಾಫ್ಟ್‌ವೇರ್ ಇದೆ, 2006ರಿಂದಲೂ ಇದೆ, ಮೊದಲ ಅಸೈನ್‌ಮೆಂಟಿಂದಲೇ ಹಾಕ್ಕೊಳ್ಳಿ, ಕೊನೇ ವರ್ಷದ ಪ್ರಾಜೆಕ್ಟ್ ಬಂದಾಗ ಶುರು ಮಾಡಿದ್ರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಆಗತ್ತೆ. ಎಐ ಚಾಟ್‌ಬಾಟ್‌ಗಳು ಇಲ್ಲದೇ ಇರೋ ಸಂಶೋಧನಾ ಪೇಪರುಗಳ ಹೆಸರನ್ನೂ ಧೈರ್ಯವಾಗಿ ಕೊಡ್ತವೆ, ನಿಮ್ಮ ಕೈಯಾರೆ ತೆಗೆದು ನೋಡ್ದೇ ಇರೋದನ್ನ ಪಟ್ಟೀಲಿ ಹಾಕ್ಬೇಡಿ. ನಿಮ್ಮ ಲೈಬ್ರರೀಲಿ ಇಲ್ದಿರೋ ಪುಸ್ತಕ ಬೇಕಾದ್ರೆ ಲೈಬ್ರರಿಯನ್ನನ್ನ ಕೇಳಿ, ಬೇರೆ ಲೈಬ್ರರಿಯಿಂದ ತರಿಸಿಕೊಡೋ ವ್ಯವಸ್ಥೆ ಎಷ್ಟೋ ಕಡೆ ಇದೆ.

ಗ್ರೂಪ್ ಪ್ರಾಜೆಕ್ಟ್ ಬಗ್ಗೆ ಏನು ಹೇಳೋದು. ಒಬ್ಬ ಮಾಯ ಆಗ್ತಾನೆ, ಅದು ನಿಶ್ಚಿತ. ಮೊದಲ ಮೀಟಿಂಗಲ್ಲೇ ಯಾರು ಏನು, ಯಾವತ್ತಿಗೆ ಅಂತ ಗ್ರೂಪಲ್ಲಿ ಬರೆದು ಹಾಕಿ, ಡೆಡ್‌ಲೈನನ್ನ ನಿಜವಾದ ತಾರೀಖಿಗಿಂತ ಮೂರು ದಿನ ಮುಂಚೆ ಇಟ್ಕೊಳ್ಳಿ. ಫೈಲು ಒಬ್ಬನ ಲ್ಯಾಪ್‌ಟಾಪಲ್ಲಿ ಮಾತ್ರ ಇರೋದು ಬೇಡ, ಮೂರು ಕಾಪಿ ಇರ್ಲಿ, ಅದ್ರಲ್ಲಿ ಒಂದು ಕ್ಲೌಡಲ್ಲಿ.

ಕ್ಯಾಂಪಸ್ ಜೀವನ ಅಂದ್ರೆ ಎಲ್ರೂ ಕ್ಲಬ್ಬು, ಫೆಸ್ಟು ಅಂತಾರೆ. ಸೇರಿ, ಆದ್ರೆ ಮೊದಲ ತಿಂಗಳು ಹತ್ತು ಕ್ಲಬ್ಬಿಗೆ ಹೆಸರು ಕೊಡೋ ಬದ್ಲು ಎರಡಕ್ಕೆ ಕೊಟ್ಟು ಎರಡಕ್ಕೂ ಹೋಗಿ. ಎರಡನೇ ತಿಂಗಳಲ್ಲಿ ಒಂಥರಾ ಒಂಟಿತನ ಬರತ್ತೆ, ಬೇರೆಯವರಿಗೆಲ್ಲಾ ಗೆಳೆಯರು ಸಿಕ್ಕಿದ್ದಾರೆ ನನಗೊಬ್ಬನಿಗೇ ಸಿಕ್ಕಿಲ್ಲ ಅನ್ನೋ ಥರ, ಪಕ್ಕದ ಬೆಂಚಲ್ಲಿ ಕೂತಿರೋರಿಗೂ ಅದೇ ಅನ್ಸ್ತಾ ಇರತ್ತೆ. ಕ್ಲಾಸ್ ಮುಗಿದ್ಮೇಲೆ ಪಕ್ಕದವರನ್ನ ಕೊನೇ ಪಾಯಿಂಟ್ ಬರ್ಕೊಂಡ್ರಾ ಅಂತ ಕೇಳಿ, ನನ್ನ ಜೀವದ ಗೆಳೆಯ ಸಿಕ್ಕಿದ್ದೇ ಹಾಗೆ. ವಾರಗಟ್ಟಲೆ ನಿದ್ದೆ ಬರ್ದೇ, ಏನೂ ಬೇಡ ಅನ್ಸಿದ್ರೆ ಕ್ಯಾಂಪಸ್ ಕೌನ್ಸೆಲರ್ ಹತ್ರ ಹೋಗಿ, ಅದೂ ಕೇಳ್ಬೇಕಾದ ಜಾಗಗಳಲ್ಲಿ ಒಂದು.

ಕೊನೇದಾಗಿ ಪರೀಕ್ಷೆ. ಹಿಂದಿನ ದಿನ ಹಾಲ್ ಎಲ್ಲಿದೆ ಅಂತ ಹೋಗಿ ನೋಡ್ಕೊಂಡು ಬನ್ನಿ, ಬಾಗಿಲ ತನಕ. ನಮ್ಮಲ್ಲಿ ಹಳೇ ಬ್ಲಾಕು ಹೊಸ ಬ್ಲಾಕು ಎರಡರಲ್ಲೂ 204 ಇತ್ತು. ನಾನು ಹಳೇ 204ರಲ್ಲಿ ಕೂತು ಪೆನ್ನು ಪೆನ್ಸಿಲ್ಲೆಲ್ಲಾ ಜೋಡಿಸ್ಕೊಂಡು, ಸುತ್ತ ಇರೋರ ಮುಖ ಒಂದೂ ಪರಿಚಯ ಇಲ್ವಲ್ಲ ಅಂತ ಯೋಚಿಸ್ತಾ ಇದ್ದೆ, ಪಕ್ಕದವರನ್ನ ಕೇಳೋದಕ್ಕೆ ಮಾತ್ರ ಸಂಕೋಚ. ಪೇಪರ್ ಕೈಗೆ ಬಂತು, ಮೇಲ್ಗಡೆ ಬೇರೆ ಕೋರ್ಸ್ ಕೋಡು.